ಎಂಟಲ್ಲ, ಹತ್ತು ಹಾಕು

ನನ್ನ ಬೆನ್ನಿಗೆ ಬಿದ್ದ ತಮ್ಮನಿಗೆ,

ಹೇಗಿದ್ದೀಯೆ ಎಂದು ಕೇಳುವುದಿಲ್ಲ, ನಿನ್ನೆಯಷ್ಟೇ ಫೋನಿನಲ್ಲಿ ನಿನ್ನ ಕೆಮ್ಮು ಕೇಳಿಸಿಕೊಂಡಿದ್ದೇನೆ. ನೀನು ಕೇಳಿದ್ದು ಒಂದೇ ಮಾತು: "ಅಕ್ಕ, ನೀನು ಕೆಲಸ ಬಿಟ್ಟ ಮೇಲೆ ಆ ಕುರ್ಚೀಲಿ ನನ್ನನ್ನ ಕೂರಿಸ್ತಾರಂತೆ. ಒಪ್ಕೊಳ್ಲಾ?" ಹೂಂ ಎಂದೋ ಬೇಡ ಎಂದೋ ಅಲ್ಲೇ ಮುಗಿಸಬಹುದಿತ್ತು. ನನ್ನಿಂದ ಆಗಲಿಲ್ಲ. ಬರೆದು ತಿಳಿಸುತ್ತೇನೆ ಎಂದೆ. "ಬರೆದೂ ಬರೆದೂ ನಿನಗೆ ಚಟ ಹಿಡಿದಿದೆ" ಎಂದು ನೀನು ನಕ್ಕೆ.

ಈಗ ಭಾನುವಾರದ ಮಧ್ಯಾಹ್ನ. ನಿನ್ನ ಭಾವ ಪೇಪರನ್ನು ಮುಖಕ್ಕೆ ಹೊದ್ದು ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದಾರೆ. ಅಮ್ಮ ಒಳಕೋಣೆಯಲ್ಲಿ ರೇಡಿಯೊ ಹಚ್ಚಿಟ್ಟೇ ನಿದ್ದೆ ಹೋಗಿದ್ದಾಳೆ. ಆರಿಸಿದರೆ ಎದ್ದು ಬೈಯುತ್ತಾಳೆ. ಬಟ್ಟೆ ಒಗೆಯುವ ಮಷೀನು ಕೊನೆಯ ಸುತ್ತಿಗೆ ಬಂದು ಮೈಮೇಲೆ ಬಂದವರಂತೆ ಕುಣಿಯುತ್ತಿದೆ. ನಾನು ಊಟದ ಮೇಜು ಒರೆಸಿಕೊಂಡು ಕೂತಿದ್ದೇನೆ. ದಣಿದಿದ್ದೇನೆ ಕಣೋ. ಕಾಯಿಲೆ ಏನೂ ಇಲ್ಲ, ಡಾಕ್ಟರು ಕೂಡ ಹಾಗೇ ಹೇಳಿದರು. ಹೇಳಿದ್ದನ್ನೇ ಹೇಳಿ ನಾಲಿಗೆ ಸವೆದುಹೋದರೆ ಆಗುವ ದಣಿವು ಇದು. ಇದಕ್ಕೆ ಅವರ ಹತ್ತಿರ ಮಾತ್ರೆ ಇಲ್ಲ.

ನಡೆದದ್ದೆಲ್ಲ ನಿನಗೆ ಗೊತ್ತು, ನೀನೂ ಅಲ್ಲೇ ಇದ್ದೆ. ಆದರೆ ನಾನು ನಿಂತ ಜಾಗದಿಂದ ಅದು ಹೇಗೆ ಕಂಡಿತು ಎಂದು ನಾನು ಯಾವತ್ತೂ ಹೇಳಲಿಲ್ಲ, ನೀನೂ ಕೇಳಲಿಲ್ಲ. ಆ ಕುರ್ಚಿಯಲ್ಲಿ ಕೂರುವ ಮೊದಲು ಅದನ್ನೊಂದು ಕೇಳಿಬಿಡು.

ನಮ್ಮ ಫ್ಯಾಕ್ಟರಿಯ ಆಸ್ಪತ್ರೆ ಮಂಚದ ಪಕ್ಕದ ಕಂಬಿಗೆ ನೀನು ಚಿಲಕ ಮಾಡುತ್ತಿದ್ದ ಕಾಲ ನೆನಪಿದೆಯಾ? ರೋಗಿ ಮಗ್ಗುಲಾದರೆ ಬೀಳದಂತೆ ಕಂಬಿಯನ್ನು ಮೇಲೆತ್ತಿ ತಳ್ಳಿದರೆ ಚಿಲಕ ತಾನಾಗಿ ಕೂರಬೇಕು. ಕೆಲಸ ಅಷ್ಟೆ. ನೀನು ಮಾತ್ರ ಅದಕ್ಕೆ ಒಂದು ಸದ್ದು ಬೇಕೆಂದು ಹಟ ಹಿಡಿದೆ. ಕೂತಿತು ಎಂದು ನರ್ಸಿಗೆ ನೋಡದೆಯೇ ತಿಳಿಯಬೇಕು ಎನ್ನುವುದು ನಿನ್ನ ವಾದ, ಒಳ್ಳೆಯ ವಾದವೇ. ಸ್ಪ್ರಿಂಗಿನ ಮೇಲೆ ಸ್ಪ್ರಿಂಗು ಬದಲಾಯಿಸುತ್ತಾ, ಚಿಲಕಕ್ಕೆ ಕಿವಿ ಹಚ್ಚಿ ಕಣ್ಣು ಮುಚ್ಚಿ ಕೂರುತ್ತಿದ್ದೆ. ಕೊನೆಗೆ ಸಿಕ್ಕಿತು: 'ಟಕ್'. ಗಟ್ಟಿಯೂ ಅಲ್ಲ, ಮೆಲ್ಲಗೂ ಅಲ್ಲ, ಎಂಥವರಿಗೂ ನಂಬಿಕೆ ಬರುವ ಸದ್ದು. ಆ ಚಿಲಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ತಂದು ಅಮ್ಮನಿಗೆ ಕೇಳಿಸಿದೆ. ಅಮ್ಮ ಮತ್ತೆ ಮತ್ತೆ ಒತ್ತಿ ನೋಡಿ, "ಚೆನ್ನಾಗಿದೆ ಕಣೋ, ನಮ್ಮ ಬೀರು ಬಾಗಿಲಿಗೂ ಇಂಥದೊಂದು ಹಾಕ್ಕೊಡು" ಎಂದಳು. ನಿನ್ನ ಮುಖ ಆವತ್ತು ಹೇಗಿತ್ತು ಎಂದು ನಿನಗೆ ಗೊತ್ತಿಲ್ಲ. ನಾನು ಎದುರಿಗೇ ಕೂತಿದ್ದೆ.

ಆಮೇಲೆ ಆ ಮೀಟಿಂಗು. ಗಾಜಿನ ಗೋಡೆಯ ಕೋಣೆ, ಮೂಲೆಯಲ್ಲಿ ಏಸಿಯ ನೀರು ತೊಟ್ಟಿಕ್ಕುವ ಬಕೆಟ್, ಮೆತ್ತಗಾದ ಬಿಸ್ಕೆಟ್. ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕಿನಲ್ಲಿ ನಿನ್ನ ಚಿಲಕದ ಚಿತ್ರ, ಅದರ ಪಕ್ಕದಲ್ಲಿ ಖಾಲಿ ಇದ್ದ ಒಂದು ಚೌಕ. ಆ ಚೌಕ ತುಂಬುವುದೇ ನನ್ನ ಕೆಲಸ. ಈ ಕೆಲಸ ಏನೆಂದು ಅಮ್ಮನಿಗೆ ವಿವರಿಸಲು ಹೋಗಿ ನಾನು ಎಷ್ಟು ಸಲ ಸೋತಿದ್ದೇನೆ. ವಸ್ತುವಿನಲ್ಲಿ ತಪ್ಪಿದೆಯೇ ಎಂದು ನಾನು ಹೇಳುವುದಿಲ್ಲ. ಒಂದು ವೇಳೆ ಇದ್ದರೆ, ಅದು ಫ್ಯಾಕ್ಟರಿಯ ಬಾಗಿಲು ದಾಟುವ ಮೊದಲೇ ನಮ್ಮ ಕೈಗೆ ಸಿಕ್ಕಿಬೀಳುತ್ತದೆಯೇ ಎನ್ನುವುದಕ್ಕೆ ಅಂಕ ಹಾಕುತ್ತೇನೆ. ಒಂದು ಅಂದರೆ ಖಂಡಿತ ಸಿಗುತ್ತದೆ, ಡ್ರಾಯಿಂಗಿನಲ್ಲಿ ಇರುವಾಗಲೇ. ಹತ್ತು ಅಂದರೆ ನಮಗೆ ಸಿಗುವುದೇ ಇಲ್ಲ, ಮೊದಲು ಸಿಗುವುದು ಕೊಂಡವರಿಗೆ. ಇಷ್ಟು ಹೇಳಿದ ಮೇಲೂ ಅಮ್ಮ, "ಹಾಗಾದ್ರೆ ಹತ್ತಕ್ಕೆ ಎಂಟು ಬಂದ್ರೆ ಫಸ್ಟ್ ಕ್ಲಾಸೇ ಅಲ್ವೇನೆ? ಯಾಕೆ ಅವನು ಮುಖ ಊದಿಸ್ಕೊಂಡಿದಾನೆ?" ಎಂದು ಕೇಳಿದ್ದಳು.

ಲ್ಯಾಬಿನ ಕನ್ನಡಕದವರು ಎರಡು ಎಂದರು. ಅವರ ಕಬ್ಬಿಣದ ತೋಳು ಹಗಲಿರುಳು ಕಂಬಿಯನ್ನು ತಳ್ಳಿತ್ತು, ಚಿಲಕ ಒಮ್ಮೆಯೂ ಕೈಕೊಟ್ಟಿರಲಿಲ್ಲ. ತಪ್ಪಿದ್ದರೆ ಇಷ್ಟರಲ್ಲಿ ಸಿಗುತ್ತಿತ್ತು ಎಂದು ಎಲ್ಲರೂ ತಲೆದೂಗಿದರು. ನಾನು ಎಂಟು ಎಂದೆ. ಆ ಕಬ್ಬಿಣದ ತೋಳನ್ನು ನೋಡಿದ್ದೆನಲ್ಲ, ಅದು ಪ್ರತಿ ಸಲವೂ ಕಂಬಿಯ ನಟ್ಟನಡುವೆ, ನೆಟ್ಟಗೆ, ಒಂದೇ ಬಲದಲ್ಲಿ ತಳ್ಳುತ್ತದೆ. ಮನುಷ್ಯರು ಯಾವುದನ್ನೂ ಹಾಗೆ ತಳ್ಳುವುದಿಲ್ಲ. "ಚಿಲಕ ಕೆಟ್ಟದ್ದು ಅಂತಲ್ಲ" ಎಂದೆ. "ಕೆಟ್ಟರೆ ಈ ಪರೀಕ್ಷೆಯಿಂದ ನಮಗೆ ಗೊತ್ತಾಗಲ್ಲ, ಅಷ್ಟೆ." ನಾನು ಅಂಕ ಹಾಕಿದ್ದು ನಮ್ಮೆಲ್ಲರ ಕಣ್ಣಿಗೆ. ನಿನಗೆ ಕೇಳಿಸಿದ್ದು, ನಿನ್ನ ಚಿಲಕಕ್ಕೆ ಎಂದು.

ನಮ್ಮ ಆಯ್ತಾ ಸಾಹೇಬರು (ಮಾತು ಮುಗಿದರೂ ಮುಗಿಯದಿದ್ದರೂ "ಆಯ್ತಾ?" ಎನ್ನುವ ಅವರ ಚಾಳಿಗೆ ನೀನೇ ತಾನೆ ಆ ಹೆಸರಿಟ್ಟದ್ದು) ಪೆನ್ನಿನ ಮುಚ್ಚಳ ತೆಗೆದು ಸೊಪ್ಪು ಕೊಳ್ಳುವವರಂತೆ ಚೌಕಾಸಿಗೆ ಕೂತರು. "ಎಂಟೂ ಬೇಡ, ಎರಡೂ ಬೇಡ ಮೇಡಂ. ನಾಲ್ಕಕ್ಕೆ ಮುಗಿಸೋಣ, ಆಯ್ತಾ?" ನಾಲ್ಕಾದರೆ ಹೊಸ ಪರೀಕ್ಷೆ ಬೇಕಾಗಿರಲಿಲ್ಲ. ಎಂಟಾದರೆ ಬೇಕು, ಮಂಚ ಮಾರುಕಟ್ಟೆಗೆ ಹೋಗುವುದು ಮುಂದಕ್ಕೆ ಬೀಳುತ್ತದೆ, ನೀನು ಎದುರು ನೋಡುತ್ತಿದ್ದ ಬಡ್ತಿಯೂ ಅದರ ಜೊತೆಗೇ. ನನಗೆ ಅದೆಲ್ಲ ಗೊತ್ತಿತ್ತು. "ಎಂಟು ಸರ್" ಎಂದೆ. ಅವರು ಪೆನ್ನು ಕೆಳಗಿಟ್ಟು ನಿನ್ನ ಕಡೆ ತಿರುಗಿ, "ಒಡಹುಟ್ಟಿದ ಅಕ್ಕನೇ ನಂಬಲ್ಲ ಅಂದ ಮೇಲೆ ನಾವೇನು ಮಾಡೋದಪ್ಪ?" ಎಂದು ನಕ್ಕರು. ಕೋಣೆಯೆಲ್ಲ ನಕ್ಕಿತು. ನೀನು ನಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಕುರ್ಚಿಯನ್ನು ಮೇಜಿನೊಳಕ್ಕೆ ನೀಟಾಗಿ ಸರಿಸಿ, ಹೊರಗೆ ಹೋದೆ. ಕುರ್ಚಿ ಸರಿಸಿಟ್ಟು ಹೋದದ್ದೇ ನನಗೆ ಹೆಚ್ಚು ನೋವಾಯಿತು. ಒದ್ದು ಹೋಗಿದ್ದರೆ ನನ್ನ ತಮ್ಮ ಅನ್ನಿಸುತ್ತಿತ್ತು.

ಅಲ್ಲಿಂದ ನಿನ್ನ ಮೌನ ಶುರುವಾಯಿತು. ಭಾನುವಾರ ಅಮ್ಮನ ಕೈಯಡುಗೆ ಉಣ್ಣಲು ಬರುತ್ತಿದ್ದೆ, ಹೆಂಡತಿಯನ್ನೂ ಕರೆದುಕೊಂಡು, ನನ್ನ ಎದುರಿನ ಕುರ್ಚಿಯಲ್ಲೇ ಕೂರುತ್ತಿದ್ದೆ. "ಅಮ್ಮ, ಉಪ್ಪು ಈ ಕಡೆ ಕೊಡೋಕೆ ಹೇಳು." ಉಪ್ಪು ನನ್ನ ಮೊಣಕೈ ಹತ್ತಿರವೇ ಇರುತ್ತಿತ್ತು. ಅಮ್ಮ ನಿನ್ನ ಮಾತನ್ನು ನನಗೂ ನನ್ನ ಮಾತನ್ನು ನಿನಗೂ ದಾಟಿಸಿ ದಾಟಿಸಿ ಬೇಸತ್ತು, ಒಂದು ದಿನ ಸೌಟು ಬಡಿದು, "ನಿಮ್ಮ ನಂಬರ್ ಜಗಳಾನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ. ನಾನೇನು ಟೆಲಿಫೋನ್ ಆಪರೇಟರಾ?" ಎಂದಳು. ನಿನ್ನ ಹೆಂಡತಿಗೆ ನಗು ತಡೆಯಲಾಗದೆ ನೆತ್ತಿ ಹತ್ತಿತು. ನಾನೂ ನಕ್ಕೆ. ನೀನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಹೊಸ ಪರೀಕ್ಷೆಯನ್ನು ಮಾಡಿಸಿದವನು ನೀನೇ. ನನ್ನನ್ನು ಸುಳ್ಳಾಗಿಸಲೇಬೇಕು ಎಂಬ ಹಟದಿಂದ ಮಾಡಿಸಿದೆ ಎಂದು ಎಲ್ಲರೂ ಆಡಿಕೊಂಡರು, ನಿಜವೇ ಇರಬೇಕು. ಆದರೆ ಕಾಟಾಚಾರಕ್ಕೆ ಮಾಡಲಿಲ್ಲ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಕಬ್ಬಿಣದ ತೋಳನ್ನು ಮೂಲೆಗೆ ಸರಿಸಿ, ಕಟ್ಟಡದಲ್ಲಿದ್ದ ಮನುಷ್ಯರನ್ನೆಲ್ಲ ಲ್ಯಾಬಿಗೆ ಕರೆಸಿದೆ. ಲೆಕ್ಕಪತ್ರದವರು ಬಂದರು, ಕ್ಯಾಂಟೀನಿನವರು ಬಂದರು, ಗೇಟಿನವರು ಟೋಪಿ ಸರಿಮಾಡಿಕೊಂಡು ಬಂದರು. ರೋಗಿಯ ಜಾಗದಲ್ಲಿ ನೀನೇ ಮಲಗಿದೆ. ಕೆಳಗೊಂದು ಹಾಸಿಗೆ ಹಾಸೋಣ ಎಂದು ಕನ್ನಡಕದವರು ಎಳೆದು ತಂದರೆ, "ಏನು ಸರ್, ನಿಮಗೂ ಅಕ್ಕನ ಗಾಳಿ ಬಡೀತಾ?" ಎಂದು ಕಾಲಿನಲ್ಲಿ ಆಚೆ ನೂಕಿದೆ. ಒಬ್ಬೊಬ್ಬರೂ ಕಂಬಿ ಎತ್ತಿ ತಳ್ಳುವುದು, 'ಟಕ್' ಎನ್ನುವುದು, ನೀನು ಮೈಭಾರವನ್ನೆಲ್ಲ ಬಿಟ್ಟು ಕಂಬಿಗೆ ಉರುಳುವುದು. ಕಂಬಿ ಅಲುಗಲಿಲ್ಲ. ಪ್ರತಿ ಸಲವೂ ನೀನು ಮಲಗಿದಲ್ಲಿಂದಲೇ ನನ್ನ ಕಡೆ ಒಂದು ನೋಟ ಎಸೆಯುತ್ತಿದ್ದೆ. ನಾನು ಗೋಡೆಗೆ ಒರಗಿ ನಿಂತಿದ್ದೆ. ನಿಜ ಹೇಳಲಾ? ನೀನು ಗೆಲ್ಲುತ್ತೀಯ ಎಂದೇ ಅನ್ನಿಸಿತ್ತು. ಸಂತೋಷವೂ ಆಗುತ್ತಿತ್ತು. ಇನ್ನು ಮೇಲಾದರೂ ಉಪ್ಪನ್ನು ನನ್ನ ಹತ್ತಿರವೇ ಕೇಳುತ್ತಾನೆ ಅಂದುಕೊಂಡೆ.

ಎಲ್ಲರದೂ ಮುಗಿಯಿತು. ಇನ್ನೊಂದು ಮೀಟಿಂಗಿಗೆ ಕರೆ ಬಂದು ನಾನು ಬ್ಯಾಗು, ಫೈಲು, ನೀರಿನ ಬಾಟಲಿ ಎಲ್ಲ ಎತ್ತಿಕೊಂಡು ಹೊರಟಿದ್ದೆ. ಆಗ ನೀನು ಮಾತಾಡಿದೆ. ಅಷ್ಟು ತಿಂಗಳುಗಳ ಮೇಲೆ ನೇರವಾಗಿ, ನನ್ನ ಮುಖ ನೋಡಿ. "ಅಕ್ಕ, ನೀನೂ ಒಂದ್ಸಲ ತಳ್ಳಿ ಹೋಗು."

ನೀನು ಅಕ್ಕ ಎಂದದ್ದರಲ್ಲೇ ನನ್ನ ಗಮನವೆಲ್ಲ ಇತ್ತು. ಕೈಯಲ್ಲಿದ್ದದ್ದನ್ನು ಕೆಳಗಿಡಬೇಕು ಎಂದು ಹೊಳೆಯಲಿಲ್ಲ. ಒಂದು ಬೆರಳಲ್ಲಿ ಕಂಬಿ ಎತ್ತಿ, ಸೊಂಟದಿಂದ ಓರೆಯಾಗಿ ನೂಕಿದೆ, ಅಡುಗೆಮನೆಯಲ್ಲಿ ಕೈ ತುಂಬಾ ಪಾತ್ರೆ ಇದ್ದಾಗ ಫ್ರಿಜ್ಜಿನ ಬಾಗಿಲು ನೂಕುತ್ತೇವಲ್ಲ, ಹಾಗೆ. 'ಟಕ್' ಎಂದಿತು. ಅದೇ ಸದ್ದು. ನೀನು ನಂಬಿದೆ, ನಾನೂ ನಂಬಿದೆ. ನೀನು ಉರುಳಿದೆ. ಕಂಬಿ ದಢಾರನೆ ಕೆಳಕ್ಕೆ ಹೋಯಿತು, ಅದರ ಹಿಂದೆಯೇ ನೀನು.

ಬಾಟಲಿ ನನ್ನ ಕೈಯಿಂದ ಜಾರಿ ಉರುಳಿದ್ದು ನೆನಪಿದೆ, ನಾನು ನೆಲಕ್ಕೆ ಕೂತದ್ದು ನೆನಪಿಲ್ಲ. ನಿನ್ನ ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಮುಖ ಸುಣ್ಣದಂತಾಗಿತ್ತು. ಯಾರೋ ಆಂಬುಲೆನ್ಸು ಎನ್ನುತ್ತಿದ್ದರು, ಯಾರೋ ನೀರು ಎನ್ನುತ್ತಿದ್ದರು. ನೀನು ಹಲ್ಲು ಕಚ್ಚಿಕೊಂಡು ನನ್ನ ಸೆರಗು ಹಿಡಿದೆಳೆದು ಹೇಳಿದೆ: "ಅಕ್ಕ, ಎಂಟಲ್ಲ. ಹತ್ತು ಹಾಕು."

ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕುವವರಿಗಾಗಿ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದೆವು. ನೋವಿನ ಇಂಜೆಕ್ಷನ್ ಏರಿ ನಿನ್ನ ಮಾತು ತೊದಲುತ್ತಿತ್ತು. ನೀನೇ, "ಚಿಲಕ ಪೂರ್ತಿ ಕೂರೋಕೆ ಮುಂಚೇನೇ ಸದ್ದು ಮಾಡತ್ತೆ, ಅಲ್ವಾ" ಎಂದೆ. ನಾನು ಹೌದು ಎಂದೆ. "ಆದ್ರೂ ಆ ಸದ್ದು ಚೆನ್ನಾಗಿತ್ತಲ್ವಾ ಅಕ್ಕ?" ಎಂದು ಕೇಳಿದೆ. "ತುಂಬಾ ಚೆನ್ನಾಗಿತ್ತು ಕಣೋ" ಎಂದೆ. ಆಗ ನೀನು ಅತ್ತೆ. ಕೈ ನೋವಿಗೆ ಅಳುತ್ತಿದ್ದೀಯ ಎಂದು ನರ್ಸು ಇನ್ನೊಂದು ಮಾತ್ರೆ ತಂದುಕೊಟ್ಟರು.

ಕಚೇರಿಯಲ್ಲಿ ಬಾಯಿಗಳು ಸುಮ್ಮನಿರಲಿಲ್ಲ. ಮಂಚದ ಕಂಬಿಯೇ ಕಂಬಿ ಕಿತ್ತಿತು ಎಂದು ನಕ್ಕರು. ಅದು ಪರವಾಗಿಲ್ಲ. ಗೆಲ್ಲುವುದಕ್ಕಾಗಿ ಅಕ್ಕ ಬೇಕಂತಲೇ ಹಾಗೆ ತಳ್ಳಿದಳು ಎಂದೂ ಆಡಿಕೊಂಡರು. ನೀನು ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಕ್ಯಾಂಟೀನಿನಲ್ಲಿ ಎದ್ದು ನಿಂತು ಹೇಳಿದ್ದನ್ನು ನನಗೆ ಆಮೇಲೆ ಯಾರೋ ತಿಳಿಸಿದರು. "ಬೇಕಂತ ಹಾಗೆ ತಳ್ಳೋಕೆ ಬರಲ್ಲ ರೀ. ನಾನು ದಿನವೆಲ್ಲ ನೋಡ್ದೆ. ಮನಸ್ಸು ಬೇರೆಲ್ಲೋ ಇದ್ರೆ ಮಾತ್ರ ಹಾಗಾಗತ್ತೆ." ಅವತ್ತು ನಾನು ಮನೆಗೆ ಬಂದು ಕಾಫಿಯನ್ನೂ ಕುಡಿಯದೆ ನಿದ್ದೆಹೋದೆ. ಎಷ್ಟು ಕಾಲದ ಮೇಲೆ ಅಂಥ ನಿದ್ದೆ!

ನೀನು ಎಡಗೈಯಲ್ಲಿ ಡ್ರಾಯಿಂಗು ಮಾಡಿ ಚಿಲಕವನ್ನು ಮತ್ತೆ ಕಟ್ಟಿದೆ. ಪೂರ್ತಿ ಕೂತ ಮೇಲಷ್ಟೇ ಸದ್ದು ಬರಬೇಕು. ಬಂದದ್ದು 'ದಡ್' ಎಂದು, ಮಹಡಿಯ ಮೇಲಿನಿಂದ ಯಾರೋ ಬೂಟು ಬೀಳಿಸಿದ ಹಾಗೆ. ಅದನ್ನು ಇಂಪು ಮಾಡಲು ನೀನು ಹೋಗಲಿಲ್ಲ. ಮಂಚ ತಡವಾಗಿ ಮಾರುಕಟ್ಟೆಗೆ ಹೋಯಿತು. ವರ್ಷದ ಸಭೆಯಲ್ಲಿ ಆಯ್ತಾ ಸಾಹೇಬರು ವೇದಿಕೆ ಹತ್ತಿ, ಓರೆಯಾಗಿ ನೂಕಿ ನೋಡುವ ಪರೀಕ್ಷೆಯೂ ಸೇರಿಕೊಂಡು ಹತ್ತು ಇದ್ದ ಅಂಕ ಎರಡಕ್ಕಿಳಿದದ್ದನ್ನು ದೊಡ್ಡ ಪರದೆಯ ಮೇಲೆ ತೋರಿಸಿ, "ನಮ್ಮ ಪ್ರೊಸೆಸ್ ಎಷ್ಟು ಗಟ್ಟಿ ನೋಡಿ" ಎಂದರು. ಅವರು ಅಷ್ಟು ಹೊಗಳಿದ ಪ್ರೊಸೆಸ್ಸು ನನ್ನ ಪಕ್ಕದಲ್ಲೇ ಕೂತು ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಲಾಗದೆ ತೊಡೆ ತಟ್ಟುತ್ತಿತ್ತು.

ಇನ್ನೊಂದು ಮಧ್ಯಾಹ್ನ. ಅಮ್ಮನ ಪಿತ್ತಕೋಶದ ಕಲ್ಲು ತೆಗೆದ ಮಾರನೇ ದಿನ. ವಾರ್ಡಿನಲ್ಲಿ ಅವಳಿಗೆ ಸಿಕ್ಕಿದ್ದು ನಮ್ಮದೇ ಮಂಚ. ನರ್ಸು ಕಂಬಿ ಎತ್ತಿದಾಗ 'ದಡ್' ಎಂದಿತು. ಅಮ್ಮ ಅರೆ ಮಂಪರಿನಲ್ಲೇ ಮುಖ ಕಿವುಚಿ, "ಇದ್ಯಾವ ದಂಡಪಿಂಡ ಮಾಡಿದ ಮಂಚಾನೋ, ಎದೆ ಒಡೆದು ಹೋಗತ್ತೆ" ಎಂದಳು. ನೀನು ಅವಳ ತಲೆ ಸವರುತ್ತಾ, "ನಿನ್ನ ಮಗ ಕಣಮ್ಮ" ಎಂದೆ. ಸ್ವಲ್ಪ ಹೊತ್ತಿಗೆ ಅವಳು ನಿದ್ದೆಯಲ್ಲಿ ನರಳಿ, ಹೊಟ್ಟೆಯ ನೋವಿಗೆ ಮಗ್ಗುಲು ಬದಲಿಸಿ, ಮೈಯನ್ನೆಲ್ಲ ಕಂಬಿಗೆ ಆನಿಸಿದಳು. ಕಂಬಿ ನಿಂತಿತ್ತು. ಅವಳು ಹಾಗೇ ಒರಗಿಕೊಂಡು ಬಾಯಿ ತೆರೆದು ನಿದ್ದೆ ಹೋದಳು. ನೀನು ನನ್ನನ್ನು ನೋಡಿದೆ, ನಾನು ನಿನ್ನನ್ನು ನೋಡಿದೆ. ಪಕ್ಕದ ಮಂಚದವರು ಕಿತ್ತಳೆ ಸುಲಿಯುತ್ತಿದ್ದರು, ಯಾರದೋ ಫೋನು ಬಡಿದುಕೊಳ್ಳುತ್ತಿತ್ತು. ಏನೂ ನಡೆಯಲಿಲ್ಲ. ಈ ಕೆಲಸದಲ್ಲಿ ನನಗೆ ಸಿಕ್ಕ ಪ್ರಶಸ್ತಿ ಅದೊಂದೇ, ಅದನ್ನು ನೋಡಿದವರು ನಾವಿಬ್ಬರೇ.

ಹಾಗಾದರೆ ದಣಿದದ್ದು ಯಾಕೆ ಎಂದು ಕೇಳುತ್ತೀಯ. ಜಗಳದಿಂದಲ್ಲ. ಜಗಳ ನಿಂತುಹೋದದ್ದರಿಂದ. ಈಚೆಗೆ ನಾನು ಕೋಣೆಗೆ ಕಾಲಿಡುವ ಹೊತ್ತಿಗೆ ಚೌಕಗಳೆಲ್ಲ ತುಂಬಿರುತ್ತವೆ. ಎರಡು, ಎರಡು, ಮೂರು, ಎರಡು. ಯಾರೂ ಎದುರು ವಾದಿಸುವುದಿಲ್ಲ. ನಾನು ಕೇಳಿದರೆ ಎಲ್ಲರೂ ಮರ್ಯಾದೆಯಿಂದ ತಲೆಯಾಡಿಸಿ, ನಾನು ಹೇಳಿದ್ದನ್ನು ಬರೆದುಕೊಂಡು, ಮುಂದಿನ ವಸ್ತುವಿಗೆ ಮತ್ತೆ ಎರಡು ಹಾಕಿ ತರುತ್ತಾರೆ. ತಪ್ಪು ಹುಡುಕುವುದನ್ನು ಕಲಿಯಲಿಲ್ಲ, ನನ್ನನ್ನು ಸಂಭಾಳಿಸುವುದನ್ನು ಕಲಿತರು. ಮೆತ್ತೆಗೆ ಗುದ್ದಿದ ಹಾಗೆ ಆಗುತ್ತದೆ ಕಣೋ. ಗೋಡೆಗೆ ಗುದ್ದಿದರೆ ಕೈಯಾದರೂ ನೋಯುತ್ತದೆ.

ಹೋದ ವಾರದ ಮೀಟಿಂಗಿಗೆ ನಿನ್ನನ್ನೂ ಕರೆದಿದ್ದರಲ್ಲ, ಮಡಚುವ ಗಾಲಿಕುರ್ಚಿಯ ಬ್ರೇಕು ತಂದಿದ್ದ ಆ ಹೊಸ ಹುಡುಗಿಯ ಮೀಟಿಂಗು. ಬ್ರೇಕಿನ ಹಿಡಿ ಚಂದವಾಗಿತ್ತು, ನುಣುಪಾಗಿ ಹೊಳೆಯುತ್ತಿತ್ತು. ಎರಡು ಎಂದರು. ಸಾಹೇಬರು ಪೆನ್ನಿನ ಮುಚ್ಚಳ ಹಾಕುತ್ತಾ "ಆಯ್ತಾ?" ಎಂದರು. ನಾನು ಏನೋ ಕೇಳಬೇಕಿತ್ತು. ಹೆದರಿಕೆಯೇನೂ ಇರಲಿಲ್ಲ, ಬಾಯಿಯೇ ಏಳಲಿಲ್ಲ. ಭಾರದ ಚೀಲವನ್ನು ಕೆಳಗಿಟ್ಟ ಮೇಲೆ ಮತ್ತೆ ಎತ್ತಲು ಮನಸ್ಸಾಗುವುದಿಲ್ಲವಲ್ಲ, ಹಾಗೆ. ಆಗ ಮೇಜಿನ ಆ ತುದಿಯಿಂದ ನಿನ್ನ ದನಿ ಬಂತು. "ಕೈ ಒದ್ದೆಯಿದ್ರೆ?" ಎಲ್ಲರೂ ತಿರುಗಿದರು. "ಸೋಪಿನ ಕೈ. ಸ್ನಾನ ಮಾಡಿಸಿ ಕೂರಿಸ್ತಾರಲ್ಲ. ಆಗ ಈ ಹಿಡಿ ಜಾರತ್ತೋ ಇಲ್ವೋ ಅಂತ ನಮ್ಮ ಯಾವ ಪರೀಕ್ಷೆ ಹೇಳತ್ತೆ?" ಯಾವುದೂ ಹೇಳುವುದಿಲ್ಲ ಎಂದು ಕನ್ನಡಕದವರು ಒಪ್ಪಿಕೊಂಡರು. ಎರಡು ಇದ್ದದ್ದು ಏಳಾಯಿತು. ಹುಡುಗಿಯ ಕಣ್ಣು ತುಂಬಿತು. ಕಾಗದ ಬಾಚಿಕೊಂಡು ಹೊರಗೆ ಹೋದಳು.

ನೀನು ಅವಳ ಹಿಂದೆಯೇ ಎದ್ದು ಹೋದೆ. ನಾನು ನಿಧಾನವಾಗಿ ಬಂದಾಗ ನೀವಿಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಿರಿ. ನಾನು ಬಾಗಿಲ ಹಿಂದೆ ನಿಂತದ್ದು ನಿನಗೆ ಗೊತ್ತಿಲ್ಲ. "ನಿನ್ನ ಬ್ರೇಕಿಗೆ ನಾನೇನೂ ಅಂದಿಲ್ಲಮ್ಮ" ಎನ್ನುತ್ತಿದ್ದೆ. "ನಮಗೆ ಕಾಣ್ತಿಲ್ಲ ಅಂದೆ. ನಾಳೆ ನಾನೊಂದು ಬಕೆಟ್ ನೀರು, ಸೋಪು ತರ್ತೀನಿ. ಇಬ್ರೂ ನೋಡೇಬಿಡೋಣ." ಅವಳು ಮೂಗೊರೆಸಿಕೊಂಡು, "ನಿಮಗೂ ಯಾವಾಗಾದ್ರೂ ಹೀಗೆ ಏಳು ಹಾಕಿದ್ರಾ ಸರ್?" ಎಂದು ಕೇಳಿದಳು. "ನನಗಾ? ನನಗೆ ಮನೆಯವರೇ ಹಾಕಿದ್ರು" ಎಂದು ನೀನು ಅಂದದ್ದಕ್ಕೆ ಅವಳು ನಕ್ಕುಬಿಟ್ಟಳು.

ನಾನು ಹಾಗೇ ಹಿಂದಕ್ಕೆ ಬಂದು ನನ್ನ ಜಾಗದಲ್ಲಿ ಕೂತೆ. ರಾಜೀನಾಮೆ ಕೊಟ್ಟಾಗಿನಿಂದ ಎದೆಯಲ್ಲಿ ಏನೋ ಕುಟುಕುತ್ತಿತ್ತು, ಅದು ಸುಮ್ಮನಾಯಿತು. ಇಷ್ಟು ವರ್ಷ ನಾನು ಅಂಕ ಹಾಕಿ ಎದ್ದು ಬರುತ್ತಿದ್ದೆ. ಅಂಕ ಹಾಕಿದ ಮೇಲೆ ಜೊತೆಯಲ್ಲಿ ಕೂರುವುದೂ ಈ ಕೆಲಸವೇ ಎಂದು ನನಗೆ ತೋರಿಸಿಕೊಟ್ಟದ್ದು ನೀನು.

ಹಾಗಾಗಿ, ಒಪ್ಕೋ.

ಆದರೆ ಕಣ್ಣು ಬಿಟ್ಟುಕೊಂಡು ಒಪ್ಕೋ. ವಿನ್ಯಾಸ ಮಾಡುವವನು ವಿನ್ಯಾಸ ಮಾಡುವವರ ಮೇಲೆ ಕೈ ಮಾಡುವುದಿಲ್ಲ ಎಂದುಕೊಂಡೇ ಸಾಹೇಬರು ನಿನ್ನನ್ನು ಕೇಳಿರುವುದು. ಚೌಕಾಸಿಗೆ ಬರುತ್ತಾರೆ, ಬೆನ್ನು ತಟ್ಟುತ್ತಾ ಬರುತ್ತಾರೆ. ಮಧ್ಯಾಹ್ನ ಊಟಕ್ಕೆ ನಿನ್ನ ಮೇಜಿಗೆ ಬರುವವರು ಕಡಿಮೆಯಾಗುತ್ತಾರೆ. ನಿನ್ನ ಡ್ರಾಯಿಂಗಿಗೆ ನೀನೇ ಅಂಕ ಹಾಕಬೇಡ. ಅದನ್ನು ಆ ಹುಡುಗಿಯ ಕೈಗೆ ಕೊಡು. ಅವಳು ನಿನ್ನ ಚರ್ಮ ಸುಲಿಯುತ್ತಾಳೆ, ಸುಲಿಯಲಿ. ಆವತ್ತು ಸಂಜೆ ನಿನಗೆ ಬಹಳ ಸಿಟ್ಟು ಬಂದರೆ ಇಲ್ಲಿಗೆ ಬಾ. ಅಮ್ಮ ಬೈಯುತ್ತಾಳೆ, ನಿನ್ನ ಭಾವ ಕೇಳಿಸಿಕೊಳ್ಳುತ್ತಾ ನಿದ್ದೆ ಹೋಗುತ್ತಾರೆ, ನಾನು ಸುಮ್ಮನೆ ಬಡಿಸುತ್ತೇನೆ. ಯಾವ ಅಂಕವನ್ನೂ ಕೇಳುವುದಿಲ್ಲ. ಅಷ್ಟು ಶಕ್ತಿ ಈಗ ನನ್ನಲ್ಲಿಲ್ಲ.

ಮಷೀನು ನಿಂತಿದೆ. ಬಟ್ಟೆ ಒಣಗಿಸಿ ನಾನೂ ಸ್ವಲ್ಪ ಮಲಗುತ್ತೇನೆ. ಕೆಮ್ಮಿಗೆ ಬಿಸಿನೀರು ಕುಡಿ, ಅಸಡ್ಡೆ ಮಾಡಬೇಡ.

ಸಿರಿ ಸಂಪತ್ತು ನಿನಗೆ ಯಾರು ಬೇಕಾದರೂ ಹರಸಲಿ. ನಾನು ಹರಸುವುದು ಇಷ್ಟು: ನೀನು ಎಷ್ಟು ದೊಡ್ಡವನಾದರೂ, ಅಲ್ಲ ಎಂದು ನಿನ್ನ ಮುಖಕ್ಕೇ ಹೇಳುವವರೊಬ್ಬರು ನಿನ್ನ ಮೇಜಿನ ಎದುರಿಗೆ ಯಾವಾಗಲೂ ಇರಲಿ.

ದಣಿದಿರುವ, ಮುನಿಸಿಲ್ಲದ
ನಿನ್ನ ಅಕ್ಕ